ಬೆಳ್ಳಿ ಕೆಲಸ ಕಲಿಯಬೇಕು, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಕೈಯಿಂದಲೇ ಬೆಳ್ಳಿ ಒಡವೆ ಮಾಡುವುದನ್ನು ಕಲಿಯಬೇಕೆಂದು ಬಹಳ ಆಸೆ. ವಿಡಿಯೋಗಳನ್ನು ನೋಡಿ ಬೆಂಕಿ ಉಗುಳುವ ಒಂದು ಚಿಕ್ಕ ಟಾರ್ಚ್, ಗರಗಸ, ಸ್ವಲ್ಪ ಬೆಳ್ಳಿ ತಗಡು ತಂದಿದ್ದೇನೆ. ಆದರೆ ಗರಗಸದ ಬ್ಲೇಡು ಮೇಲಿಂದ ಮೇಲೆ ಮುರಿಯುತ್ತದೆ. ಬೆಸುಗೆ ಹಾಕಲು ಹೋದರೆ ಅದು ಗುಂಡಗಾಗಿ ಉರುಳುತ್ತದೆ, ಕೂಡುವುದೇ ಇಲ್ಲ. ಒಂದು ಸಲ ಉಂಗುರವೇ ಕರಗಿಹೋಯಿತು. ಯಾವ ಕ್ರಮದಲ್ಲಿ ಕಲಿಯಬೇಕು? ಇನ್ನೂ ಏನೇನು ಸಲಕರಣೆ ಬೇಕು? ತರಗತಿಗೆ ಸೇರಲೇಬೇಕಾ? ಹರಳಿನ ಉಂಗುರ ಮಾಡುವುದು ಯಾವಾಗ?

ಉತ್ತರ: ನಿಮ್ಮನ್ನು ಜಾಸ್ತಿ ಕಾಡುತ್ತಿರುವುದು ಬೆಸುಗೆ. ಅದು ಕೂಡದಿದ್ದಾಗ ಎಲ್ಲರೂ ಟಾರ್ಚಿನ ಮೇಲೆ ಅನುಮಾನ ಪಡುತ್ತಾರೆ, ಇನ್ನೂ ದೊಡ್ಡ ಬೆಂಕಿ ಬೇಕೇನೋ ಅಂದುಕೊಳ್ಳುತ್ತಾರೆ. ನಾನು ಕಂಡ ಹಾಗೆ ಹೊಸಬರ ಬೆಸುಗೆ ಕೆಡುವುದು ಹೆಚ್ಚಾಗಿ ಬೆಂಕಿ ಹಚ್ಚುವ ಮೊದಲೇ. ಗರಗಸದ ಸೀಳು ಓರೆಯಾಗಿರುತ್ತದೆ. ಅರದಿಂದ ಅದನ್ನು ಸರಿ ಮಾಡಿರುವುದಿಲ್ಲ. ಎರಡು ತುದಿಗಳ ನಡುವೆ ಕೂದಲೆಳೆಯಷ್ಟು ಸಂದು ಉಳಿದಿರುತ್ತದೆ. ಬೆಸುಗೆ ಸಂದು ತುಂಬುವ ಅಂಟಲ್ಲ. ಎರಡು ಲೋಹ ಒಂದಕ್ಕೊಂದು ತಾಗಿದ್ದರೆ ಮಾತ್ರ ಅದು ಆ ಗೆರೆಯ ಉದ್ದಕ್ಕೂ ತಾನೇ ಓಡುತ್ತದೆ. ತಾಗದ ಕಡೆ ನಿಂತುಬಿಡುತ್ತದೆ.

ಹಾಗಾಗಿ ನನ್ನ ಸಲಹೆ ಸರಳ. ಸ್ವಲ್ಪ ಕಾಲ ಬೇರೇನೂ ಮಾಡಬೇಡಿ, ಬರೀ ಸಾದಾ ಉಂಗುರ ಮಾಡಿ. ಹರಳು ಬೇಡ, ಕೆತ್ತನೆ ಬೇಡ, ಎಲೆ ಹೂವು ಏನೂ ಬೇಡ. ಒಂದು ಪಟ್ಟಿ, ಒಂದು ಬೆಸುಗೆ, ಅಷ್ಟೇ. ಅಳತೆ, ಕೊಯ್ಯುವುದು, ಉಜ್ಜುವುದು, ಕಾಯಿಸಿ ಮೆದು ಮಾಡುವುದು, ಬಗ್ಗಿಸುವುದು, ಬೆಸೆಯುವುದು, ಮೆರುಗು ಕೊಡುವುದು ಎಲ್ಲವೂ ಅದರೊಳಗಿದೆ. ಸಾದಾ ಉಂಗುರದಲ್ಲಿ ತಪ್ಪನ್ನು ಮುಚ್ಚಿಡಲು ಜಾಗವಿಲ್ಲ. ಬೆಸುಗೆಯ ಗೆರೆ ಕಂಡರೆ ಕಂಡಿತು. ಅದು ಕಾಣದ ಉಂಗುರ ನಿಮ್ಮ ಕೈಯಿಂದ ತಪ್ಪದೆ ಬರತೊಡಗಿದ ದಿನ ಮುಂದಿನ ಕೆಲಸಕ್ಕೆ ಹೋಗಿ.

ಮೊದಲು ಲೋಹದ ಬಗ್ಗೆ ಎರಡು ಮಾತು. ಒಡವೆಗೆ ಬಳಸುವ ಬೆಳ್ಳಿ ಸಾಮಾನ್ಯವಾಗಿ ಸ್ಟರ್ಲಿಂಗ್, ಅಂದರೆ ನೂರಕ್ಕೆ 92.5 ಪಾಲು ಬೆಳ್ಳಿ. ಉಳಿದ 7.5 ಪಾಲು ಹೆಚ್ಚಾಗಿ ತಾಮ್ರ. ಒಡವೆಯ ಮೇಲೆ 925 ಎಂದು ಮುದ್ರೆ ಇರುವುದು ಇದಕ್ಕೇ. ಅಪ್ಪಟ ಬೆಳ್ಳಿ ತೀರಾ ಮೆದು, ದಿನಾ ಹಾಕುವ ಉಂಗುರಕ್ಕೆ ನಿಲ್ಲುವುದಿಲ್ಲ. ತಾಮ್ರ ಸೇರಿದರೆ ಗಟ್ಟಿಯಾಗುತ್ತದೆ. ಆದರೆ ಆ ತಾಮ್ರ ಎರಡು ತಾಪತ್ರಯಗಳನ್ನೂ ತರುತ್ತದೆ. ಅಪ್ಪಟ ಬೆಳ್ಳಿ ಕರಗುವುದು ಸುಮಾರು 962 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸ್ಟರ್ಲಿಂಗ್ 800ರ ಆಸುಪಾಸಿನಲ್ಲೇ ಕರಗಲು ಶುರುವಾಗಿ 900ಕ್ಕೆ ಮುಂಚೆ ಪೂರ್ತಿ ನೀರಾಗುತ್ತದೆ. ನಿಮ್ಮ ಉಂಗುರ ಕರಗಿದ್ದರ ಒಂದು ಕಾರಣ ಇದು. ಇನ್ನೊಂದು ತಾಪತ್ರಯ ಬೆಂಕಿಕಲೆ, ಅದನ್ನು ಆಮೇಲೆ ಹೇಳುತ್ತೇನೆ.

ಅಭ್ಯಾಸಕ್ಕೆ ತಾಮ್ರದ ತಗಡು ಸಾಕು ಎಂದು ಹಲವರು ಹೇಳುತ್ತಾರೆ. ಅರ್ಧ ಒಪ್ಪುತ್ತೇನೆ. ಕೊಯ್ಯುವುದು, ಉಜ್ಜುವುದು, ಬಡಿಯುವುದು ತಾಮ್ರದಲ್ಲೇ ಕಲಿಯಿರಿ, ಬೆಳ್ಳಿ ಹಾಳಾದೀತೆಂಬ ಭಯ ಇರುವುದಿಲ್ಲ. ಬೆಸುಗೆಯನ್ನು ಮಾತ್ರ ಬೇಗ ಬೆಳ್ಳಿಯ ಮೇಲೇ ಶುರು ಮಾಡಿ. ತಾಮ್ರ ಕರಗಲು 1085 ಡಿಗ್ರಿ ಬೇಕು. ಬೆಂಕಿಯನ್ನು ಮನಸ್ಸಿಗೆ ಬಂದಷ್ಟು ಹೊತ್ತು ಹಿಡಿದರೂ ಅದು ಸಹಿಸಿಕೊಳ್ಳುತ್ತದೆ. ಹಾಗೆ ಪಳಗಿದ ಕೈ ಬೆಳ್ಳಿಗೆ ಬಂದಾಗ ಒಡವೆಯನ್ನು ಸುಡುತ್ತದೆ.

ಇನ್ನು ಬ್ಲೇಡು. ಮುರಿಯುವುದು ಸಹಜ, ಪಳಗಿದವರ ಕೈಯಲ್ಲೂ ಮುರಿಯುತ್ತದೆ. ಮೇಲಿಂದ ಮೇಲೆ ಮುರಿದರೆ ಮಾತ್ರ ಕಾರಣ ಹುಡುಕಬೇಕು. ಹಲ್ಲುಗಳು ಹೊರಮುಖವಾಗಿ, ಹಿಡಿಯ ಕಡೆಗೆ ಬಾಗಿರಬೇಕು. ಈ ಗರಗಸ ಕೊಯ್ಯುವುದು ಕೆಳಗೆ ಎಳೆಯುವಾಗ. ಬ್ಲೇಡಿನ ಒಂದು ತುದಿ ಬಿಗಿದು, ಚೌಕಟ್ಟನ್ನು ಮೇಜಿನ ಅಂಚಿಗೆ ಒತ್ತಿ ಸ್ವಲ್ಪ ಬಾಗಿಸಿ, ಆಗ ಇನ್ನೊಂದು ತುದಿ ಬಿಗಿಯಿರಿ. ಬೆರಳಿನಿಂದ ಮೀಟಿದರೆ ಟಿಣ್ ಎನ್ನಬೇಕು. ಸಡಿಲ ಬ್ಲೇಡು ಒದ್ದಾಡಿ ಮುರಿಯುತ್ತದೆ. ತಗಡಿನ ದಪ್ಪದೊಳಗೆ ಕನಿಷ್ಠ ಎರಡು ಮೂರು ಹಲ್ಲು ಕೂರುವಂತಿರಬೇಕು. 1 ಮಿ.ಮೀ. ತಗಡಿಗೆ 2/0 ನಂಬರಿನ ಬ್ಲೇಡು ಚೆನ್ನಾಗಿ ಹೊಂದುತ್ತದೆ. ತೆಳ್ಳನೆಯ ತಗಡಿಗೆ 4/0. ಬ್ಲೇಡಿಗೆ ಆಗಾಗ ಸ್ವಲ್ಪ ಜೇನುಮೇಣ ಸವರಿ.

ಆದರೆ ದೊಡ್ಡ ತಪ್ಪು ಬೇರೆ ಇದೆ. ನೀವು ಬಹುಶಃ ಬ್ಲೇಡನ್ನು ಮುಂದಕ್ಕೆ ತಳ್ಳುತ್ತಿದ್ದೀರಿ. ತಳ್ಳುವುದೇ ಬೇಡ. ಹಿಡಿಯನ್ನು ಸಡಿಲವಾಗಿ ಹಿಡಿದು, ಬ್ಲೇಡು ನೆಟ್ಟಗೆ ನಿಲ್ಲುವಂತೆ ನೋಡಿಕೊಂಡು, ಅದರ ಪೂರ್ತಿ ಉದ್ದ ಬಳಸಿ ಮೇಲೆ ಕೆಳಗೆ ಆಡಿಸಿ. ಗರಗಸದ ಭಾರವೇ ಕೊಯ್ಯಲು ಸಾಕು. ತಿರುವು ಬಂದಾಗ ಗರಗಸ ತಿರುಗಿಸಬೇಡಿ. ನಿಂತಲ್ಲೇ ಮೇಲೆ ಕೆಳಗೆ ಆಡಿಸುತ್ತಾ ತಗಡನ್ನು ನಿಧಾನಕ್ಕೆ ತಿರುಗಿಸಿ. ಕೊಯ್ಯುವ ಗೆರೆಯ ಮೇಲೆ ಹೋಗದೆ ಅದರ ಹೊರಬದಿಯಲ್ಲಿ ಹೋಗಿ, ಉಳಿದದ್ದನ್ನು ಅರ ತೆಗೆಯಲಿ.

ಪಟ್ಟಿ ಎಷ್ಟು ಉದ್ದ ಬೇಕು? ಉಂಗುರದ ಒಳವ್ಯಾಸಕ್ಕೆ ತಗಡಿನ ದಪ್ಪ ಕೂಡಿಸಿ, 3.14ರಿಂದ ಗುಣಿಸಿ. ಒಳವ್ಯಾಸ 17 ಮಿ.ಮೀ., ದಪ್ಪ 1.5 ಮಿ.ಮೀ. ಆದರೆ 18.5 ಗುಣಿಸು 3.14, ಅಂದರೆ ಸುಮಾರು 58 ಮಿ.ಮೀ. ದಪ್ಪವನ್ನು ಕೂಡಿಸಲು ಮರೆತರೆ ಉಂಗುರ ಬೆರಳಿಗೆ ಬಿಗಿಯಾಗುತ್ತದೆ. ಬಗ್ಗಿಸುವಾಗ ಲೋಹದ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ, ಉದ್ದ ಬದಲಾಗದೆ ಉಳಿಯುವುದು ನಡುವಿನ ಪದರ ಮಾತ್ರ. ಅದಕ್ಕೇ ಈ ಲೆಕ್ಕ.

ಪಟ್ಟಿಯನ್ನು ಬಗ್ಗಿಸುವ ಮೊದಲು ಕಾಯಿಸಿ ಮೆದು ಮಾಡಬೇಕು. ಬೆಳ್ಳಿಯನ್ನು ಬಡಿದಷ್ಟೂ, ಬಗ್ಗಿಸಿದಷ್ಟೂ ಅದರ ಒಳಗಿನ ಸೂಕ್ಷ್ಮ ಸ್ಫಟಿಕಗಳ ಜೋಡಣೆ ಕೆಟ್ಟು ಗಟ್ಟಿಯಾಗುತ್ತಾ ಹೋಗುತ್ತದೆ. ಇನ್ನೂ ಬಲ ಹಾಕಿದರೆ ಬಿರುಕು ಬಿಡುತ್ತದೆ. 600ರಿಂದ 650 ಡಿಗ್ರಿಗೆ ಕಾಯಿಸಿದರೆ ಆ ಸ್ಫಟಿಕಗಳು ಹೊಸದಾಗಿ ಕಟ್ಟಿಕೊಂಡು ಲೋಹ ಮತ್ತೆ ಮೆದುವಾಗುತ್ತದೆ. ಡಿಗ್ರಿ ಅಳೆಯುವ ಯಂತ್ರ ಬೇಡ, ಕಣ್ಣು ಸಾಕು. ಕೋಣೆಯ ಬೆಳಕು ಕಡಿಮೆ ಮಾಡಿ ನೋಡಿ. ಮಂಕಾದ ಕೆಂಪು ಮೈಯೆಲ್ಲಾ ಹರಡಿದ ಕೂಡಲೇ ಬೆಂಕಿ ತೆಗೆಯಿರಿ. ಜೋರು ಬೆಳಕಿನಲ್ಲಿ ಈ ಕೆಂಪು ಕಾಣುವುದೇ ಇಲ್ಲ. ನಿಮಗೆ ಕಂಡಾಗ ಬೆಳ್ಳಿ ಮಿತಿ ಮೀರಿ ಕಾದಿರುತ್ತದೆ. ಕೆಂಪು ಆರಿದ ಮೇಲೆ ನೀರಿಗೆ ಹಾಕಿ. ಕೈಗೆ ತೆಗೆದುಕೊಂಡು ಬಗ್ಗಿಸಿ ನೋಡಿ, ಅದೇ ಲೋಹವಾ ಎಂದು ಆಶ್ಚರ್ಯವಾಗುತ್ತದೆ. ಈ ವ್ಯತ್ಯಾಸ ಬೆರಳಿಗೆ ಗೊತ್ತಾದರೆ ಬೆಳ್ಳಿಯ ಹದ ಅರ್ಥವಾಗತೊಡಗಿತು ಅಂತಲೇ ಲೆಕ್ಕ.

ಈಗ ಎಲ್ಲಕ್ಕಿಂತ ಮುಖ್ಯವಾದ ಜಾಗಕ್ಕೆ ಬಂದೆವು. ಪಟ್ಟಿಯ ತುದಿಗಳನ್ನು ಅರದಿಂದ ಚೌಕವಾಗಿ ಉಜ್ಜಿ. ಅರ ಕೆಲಸ ಮಾಡುವುದು ಮುಂದಕ್ಕೆ ತಳ್ಳುವಾಗ ಮಾತ್ರ, ಹಿಂದಕ್ಕೆ ಎಳೆಯುವಾಗ ಎತ್ತಿಬಿಡಿ. ಈಗ ಪಟ್ಟಿ ಬಗ್ಗಿಸಿ. ಉಂಗುರ ದುಂಡಗಿರಬೇಕೆಂಬ ಹಟ ಈಗ ಬೇಡ, ಮೊಟ್ಟೆಯಾಕಾರವಾದರೂ ಪರವಾಗಿಲ್ಲ. ತುದಿಗಳು ನೇರವಾಗಿ ಎದುರುಬದುರಾದರೆ ಸಾಕು. ಎರಡು ತುದಿಗಳನ್ನು ಒಂದನ್ನೊಂದು ದಾಟುವಷ್ಟು ಒಳಗೆ ಒತ್ತಿ, ಆಮೇಲೆ ಹಿಂದೆ ತಂದು ಎದುರಾಗಿ ಕೂರಿಸಿ. ಆಗ ಅವು ತಾವಾಗಿಯೇ ಒತ್ತಿಕೊಂಡು ನಿಲ್ಲುತ್ತವೆ. ಬೆಳಕಿಗೆ ಹಿಡಿದು ನೋಡಿ. ಬೆಳಕಿನ ಒಂದು ಎಳೆಯೂ ದಾಟಿ ಬರಬಾರದು. ಬಂದರೆ ಗರಗಸವನ್ನು ಆ ಸೇರುಗೆರೆಯ ಮೂಲಕವೇ ಒಮ್ಮೆ ಹಾಯಿಸಿ. ಎರಡೂ ತುದಿಗಳಿಂದ ಒಂದೇ ಓರೆಯಲ್ಲಿ ಲೋಹ ಹೋಗುವುದರಿಂದ ಅವು ಒಂದಕ್ಕೊಂದು ಹೊಂದುತ್ತವೆ. ಮತ್ತೆ ಒತ್ತಿ, ಮತ್ತೆ ನೋಡಿ. ಈ ಕೆಲಸಕ್ಕೆ ಬೆಸುಗೆಗಿಂತ ನಾಲ್ಕು ಪಟ್ಟು ಹೊತ್ತು ಹಿಡಿದರೂ ಬೇಸರ ಮಾಡಿಕೊಳ್ಳಬೇಡಿ. ಬೆಸುಗೆಯ ಹಣೆಬರಹ ಬರೆಯುವುದು ಇಲ್ಲೇ.

ಬೆಳ್ಳಿ ಬೆಸುಗೆ ಅಂದರೆ ಬೆಳ್ಳಿ, ತಾಮ್ರ, ಸತು ಸೇರಿಸಿದ ಲೋಹ. ಒಡವೆಗಿಂತ ಕಡಿಮೆ ಬಿಸಿಯಲ್ಲಿ ಹರಿಯುತ್ತದೆ. ಹಾರ್ಡ್, ಮೀಡಿಯಂ, ಈಸಿ ಎಂದು ಮೂರು ಬಗೆ ಸಿಗುತ್ತವೆ. ತಯಾರಿಸುವವರ ಪ್ರಕಾರ ಅಂಕಿ ಸ್ವಲ್ಪ ಬದಲಾಗುತ್ತದೆ, ಆದರೂ ಈಸಿ 700ರ ಹತ್ತಿರ, ಹಾರ್ಡ್ 770ರ ಆಸುಪಾಸಿನಲ್ಲಿ ಹರಿಯುತ್ತದೆ ಅಂದುಕೊಳ್ಳಿ. ಸ್ಟರ್ಲಿಂಗ್ ಕರಗತೊಡಗುವುದು 800ರ ಬಳಿ ಎಂದೆನಲ್ಲ, ನಡುವೆ ಎಷ್ಟು ಕಡಿಮೆ ಅಂತರ ಇದೆ ನೋಡಿ. ಹಾಗಂತ ಹೆದರಿ ಈಸಿ ಬೆಸುಗೆಗೆ ಹೋಗಬೇಡಿ. ಸಾದಾ ಉಂಗುರಕ್ಕೆ ಹಾರ್ಡ್ ಬೆಸುಗೆಯೇ ಸರಿ. ಅದರ ಬಣ್ಣ ಬೆಳ್ಳಿಗೆ ಹತ್ತಿರ, ಬಲವೂ ಹೆಚ್ಚು. ಕ್ಯಾಡ್ಮಿಯಂ ಇಲ್ಲದ ಬೆಸುಗೆಯೇ ಬೇಕೆಂದು ಕೇಳಿ ತನ್ನಿ, ಕ್ಯಾಡ್ಮಿಯಂ ಹೊಗೆ ವಿಷ. ಎಲೆಕ್ಟ್ರಾನಿಕ್ಸ್‌ಗೆ ಬಳಸುವ ಸೀಸದ ಬೆಸುಗೆಯನ್ನಂತೂ ಆ ಮೇಜಿನ ಹತ್ತಿರಕ್ಕೂ ತರಬೇಡಿ. ಸೀಸದ ಒಂದು ಚೂರು ಅಂಟಿಕೊಂಡ ಬೆಳ್ಳಿಯನ್ನು ಕಾಯಿಸಿದರೆ ಅದು ಲೋಹವನ್ನೇ ತಿಂದು ಗುಂಡಿ ಮಾಡುತ್ತದೆ.

ಬೆಸುಗೆಗೆ ಮೊದಲು ಬಿಳಿಗಾರ, ಅಂದರೆ ಬೋರಾಕ್ಸ್, ಹಚ್ಚುವುದು ಎರಡು ಕಾರಣಕ್ಕೆ. ಬಿಸಿಯಾದ ಲೋಹಕ್ಕೆ ಗಾಳಿ ತಾಗದಂತೆ ಅದು ತಡೆಯುತ್ತದೆ, ಹುಟ್ಟಿದ ಆಕ್ಸೈಡನ್ನು ಕರಗಿಸುತ್ತದೆ. ಕೊಳೆಯಾದ ಬೆಳ್ಳಿಯ ಮೇಲೆ ಬೆಸುಗೆ ಹರಡುವುದಿಲ್ಲ, ಗುಂಡಗಾಗಿ ಕೂರುತ್ತದೆ. ಬೆರಳಿನ ಜಿಡ್ಡೂ ಕೊಳೆಯೇ. ಆದ್ದರಿಂದ ಸೇರುಗೆರೆಯನ್ನೂ ಬೆಸುಗೆಯ ಪಟ್ಟಿಯನ್ನೂ ಎಮರಿ ಕಾಗದದಿಂದ ಉಜ್ಜಿದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಬೆಸುಗೆಯನ್ನು ಒಂದೊಂದು ಮಿ.ಮೀ. ಚೂರಾಗಿ ಕತ್ತರಿಸಿ. ಉಂಗುರಕ್ಕೆ ಒಂದೆರಡು ಚೂರು ಸಾಕು. ಜಾಸ್ತಿ ಹಾಕಿದರೆ ಗಟ್ಟಿಯಾಗುವುದಿಲ್ಲ, ಉಜ್ಜಿ ತೆಗೆಯುವ ಕೆಲಸ ಹೆಚ್ಚುತ್ತದೆ ಅಷ್ಟೇ.

ಇನ್ನು ಬೆಂಕಿ. ಎಲ್ಲಾ ಲೋಹಗಳಲ್ಲಿ ಶಾಖವನ್ನು ಅತಿ ವೇಗವಾಗಿ ಹರಡುವುದು ಬೆಳ್ಳಿ. ಇದೊಂದು ಮಾತು ತಲೆಯಲ್ಲಿ ಕೂತರೆ ಅರ್ಧ ಬೆಸುಗೆ ಬಂದ ಹಾಗೆ. ಸೇರುಗೆರೆಯನ್ನು ಮಾತ್ರ ಕಾಯಿಸುತ್ತೇನೆ ಅಂದರೆ ಆಗುವುದಿಲ್ಲ. ಅಲ್ಲಿ ಕೊಟ್ಟ ಶಾಖ ಕ್ಷಣದಲ್ಲಿ ಉಂಗುರದ ತುಂಬ ಹರಡುತ್ತದೆ. ಹಾಗಾಗಿ ಪೂರ್ತಿ ಒಡವೆಯನ್ನೇ ಬಿಸಿ ಮಾಡಬೇಕು. ಮೊದಲು ದೂರದಿಂದ ಮೆದು ಬೆಂಕಿ ಆಡಿಸಿ. ಬಿಳಿಗಾರ ನೀರು ಬಿಟ್ಟು ಬೆಳ್ಳಗೆ ಉಬ್ಬುತ್ತದೆ, ಆಗ ಬೆಸುಗೆಯ ಚೂರು ಜರುಗಿದರೆ ಚಿಮ್ಮಟದಿಂದ ಮತ್ತೆ ಕೂರಿಸಿ. ಆಮೇಲೆ ಉಂಗುರದ ಹಿಂಬದಿಯಿಂದ ಶುರು ಮಾಡಿ ಎರಡೂ ಪಕ್ಕಗಳನ್ನು ಸುತ್ತಿ. ಬೆಂಕಿ ಒಂದು ಕಡೆ ನಿಲ್ಲಬಾರದು. ಬಿಳಿಗಾರ ಗಾಜಿನಂತೆ ತಿಳಿಯಾದಾಗ ಬೆಳ್ಳಿ ಹದಕ್ಕೆ ಹತ್ತಿರ ಬಂದಿದೆ. ಈಗ ಸೇರುಗೆರೆಯ ಕಡೆಗೆ ಬನ್ನಿ. ಜ್ವಾಲೆಯ ಒಳಗಿನ ನೀಲಿ ಮೊನೆ ಕಾಣುತ್ತದಲ್ಲ, ಅದರ ತುದಿಗಿಂತ ಸ್ವಲ್ಪ ಮುಂದೆ ಬಿಸಿ ಅತಿ ಹೆಚ್ಚು. ಕಾಯಿಸಬೇಕಾದದ್ದು ಲೋಹವನ್ನು, ಬೆಸುಗೆಯನ್ನಲ್ಲ. ಬೆಂಕಿಯನ್ನು ಬೆಸುಗೆಗೇ ಹಿಡಿದರೆ ಅದು ಮೊದಲೇ ಕರಗುತ್ತದೆ. ಸುತ್ತಲಿನ ಬೆಳ್ಳಿ ಇನ್ನೂ ತಣ್ಣಗಿರುವುದರಿಂದ ಗುಂಡಗಾಗಿ ಉರುಳುತ್ತದೆ. ನಿಮಗೆ ಆಗುತ್ತಿರುವುದು ಇದೇ ಅನ್ನಿಸುತ್ತದೆ.

ಕರಗಿದ ಬೆಸುಗೆ ಬಿಸಿ ಹೆಚ್ಚಿರುವ ಕಡೆಗೆ ಓಡುತ್ತದೆ. ಚೂರನ್ನು ಸೇರುಗೆರೆಯ ಕೆಳಗಿಟ್ಟು ಬೆಂಕಿಯನ್ನು ಮೇಲಿನಿಂದ ಕೊಟ್ಟರೆ ಅದು ಗೆರೆಯೊಳಗೆ ನುಗ್ಗಿ ಮೇಲೆ ಬರುತ್ತದೆ. ಆ ಕ್ಷಣ ಸೇರುಗೆರೆಯ ಉದ್ದಕ್ಕೂ ಒಂದು ಹೊಳೆಯುವ ಬೆಳ್ಳಿಗೆರೆ ಸರ್ರನೆ ಮಿಂಚುತ್ತದೆ. ಈ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ನೋಟ ಅದು. ಎಷ್ಟು ಸಲ ನೋಡಿದರೂ ಹಳತಾಗುವುದಿಲ್ಲ. ಮಿಂಚಿದ ಕೂಡಲೇ ಬೆಂಕಿ ತೆಗೆಯಿರಿ. ಇನ್ನೊಂದು ಚೂರು ಹೊತ್ತು ಇರಲಿ ಎಂದು ಹಿಡಿದರೆ ಬೆಸುಗೆಯ ಸತು ಆವಿಯಾಗಿ ಅಲ್ಲಿ ಸೂಜಿಮೊನೆಯಂಥ ತೂತುಗಳು ಉಳಿಯುತ್ತವೆ.

ಒಂದು ವೇಳೆ ಬೆಳ್ಳಿ ಕೆಂಪಾಗಿ ಒಂದು ನಿಮಿಷ ಕಳೆದರೂ ಬೆಸುಗೆ ಹರಿಯಲಿಲ್ಲ ಅನ್ನಿ. ಹೊಸಬರು ಆಗ ಬೆಂಕಿ ಜೋರು ಮಾಡುತ್ತಾರೆ. ಉಂಗುರಗಳು ಕರಗುವುದು ಹೆಚ್ಚಾಗಿ ಆಗಲೇ. ಆ ಹೊತ್ತಿಗೆ ಬಿಳಿಗಾರ ಸುಟ್ಟುಹೋಗಿರುತ್ತದೆ, ಲೋಹಕ್ಕೆ ಕೊಳೆ ಹತ್ತಿರುತ್ತದೆ, ಎಷ್ಟು ಕಾಯಿಸಿದರೂ ಕೂಡುವುದಿಲ್ಲ. ಬೆಂಕಿ ಆರಿಸಿ. ತಣ್ಣಗಾಗಲಿ, ತೊಳೆಯಿರಿ, ಉಜ್ಜಿ, ಹೊಸದಾಗಿ ಬಿಳಿಗಾರ ಹಚ್ಚಿ, ಮತ್ತೆ ಶುರು ಮಾಡಿ. ಬೆಳ್ಳಿಯ ಮೈ ಕನ್ನಡಿಯ ಹಾಗೆ ಹೊಳೆದು ಅಲುಗಾಡುವಂತೆ ಕಂಡರೆ ಅದು ಕರಗುವ ಮುನ್ಸೂಚನೆ. ಕೂಡಲೇ ಬೆಂಕಿ ಎತ್ತಿ.

ಬೆಸುಗೆಯಾದ ಮೇಲೆ ಒಡವೆ ಕಪ್ಪಾಗಿರುತ್ತದೆ, ಬಿಳಿಗಾರ ಗಾಜಾಗಿ ಅಂಟಿರುತ್ತದೆ. ನೀರಿನಲ್ಲಿ ತಣಿಸಿ, ಬೆಚ್ಚಗಿನ ಪಿಕಲ್ ದ್ರಾವಣದಲ್ಲಿ, ಅಂದರೆ ಈ ಕೊಳೆ ತೆಗೆಯುವ ಆಸಿಡ್ ನೀರಿನಲ್ಲಿ, ಇಡಿ. ಸೋಡಿಯಂ ಬೈಸಲ್ಫೇಟ್ ಬಳಸುತ್ತಾರೆ. ಹೊಸಬರಿಗೆ ನಾನು ಹೇಳುವುದು ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್. ಸ್ವಲ್ಪ ನಿಧಾನ, ಆದರೆ ತೊಂದರೆ ಕಡಿಮೆ. ನೀರಿಗೆ ಆಸಿಡ್ ಹಾಕಿ, ಆಸಿಡ್‌ಗೆ ನೀರು ಹಾಕಬೇಡಿ. ಕೆಂಪು ಬಿಸಿಯ ಒಡವೆಯನ್ನು ನೇರ ಅದರಲ್ಲಿ ಮುಳುಗಿಸಬೇಡಿ, ಮುಖಕ್ಕೆ ಸಿಡಿಯುತ್ತದೆ. ಕಬ್ಬಿಣದ ಇಕ್ಕಳವೂ ಬೇಡ. ಕಬ್ಬಿಣ ಒಳಗೆ ಹೋದರೆ ದ್ರಾವಣದಲ್ಲಿರುವ ತಾಮ್ರ ನಿಮ್ಮ ಬೆಳ್ಳಿಯ ಮೇಲೆ ಬಂದು ಕೂತು ಒಡವೆ ಗುಲಾಬಿ ಬಣ್ಣವಾಗುತ್ತದೆ. ತಾಮ್ರದ್ದೋ ಪ್ಲಾಸ್ಟಿಕ್ಕಿನದೋ ಇಕ್ಕಳ ಬಳಸಿ.

ಆಮೇಲೆ ಉಂಗುರವನ್ನು ಉಕ್ಕಿನ ಕಡ್ಡಿಗೆ ಹಾಕಿ ಮರದ ಕೊಡತಿಯಿಂದ ಬಡಿದು ದುಂಡಗೆ ಮಾಡಿ. ಕಬ್ಬಿಣದ ಸುತ್ತಿಗೆ ಗುರುತು ಬಿಡುತ್ತದೆ, ಉಂಗುರವನ್ನು ಹಿಗ್ಗಿಸುತ್ತದೆ. ಕಡ್ಡಿ ಒಂದು ಕಡೆ ಸಣ್ಣ, ಇನ್ನೊಂದು ಕಡೆ ದಪ್ಪ ಇರುವುದರಿಂದ ಉಂಗುರವನ್ನು ಆಗಾಗ ತಿರುಗಿಸಿ ಹಾಕಿ. ಇದು ಬೆಸುಗೆಗೆ ಪರೀಕ್ಷೆಯೂ ಹೌದು. ಕೆಟ್ಟ ಬೆಸುಗೆ ಇಲ್ಲೇ ಬಿಟ್ಟುಕೊಳ್ಳುತ್ತದೆ.

ಮೆರುಗಿನಲ್ಲಿ ಇರುವುದು ತಾಳ್ಮೆ ಮಾತ್ರ. 400, 600, 800, 1200 ನಂಬರಿನ ಎಮರಿ ಕಾಗದ ಒಂದಾದ ಮೇಲೆ ಒಂದು. ಪ್ರತಿ ಸಲ ಉಜ್ಜುವ ದಿಕ್ಕು ಬದಲಿಸಿ. ಹಿಂದಿನ ಕಾಗದದ ಗೀರು ಪೂರ್ತಿ ಹೋಗುವವರೆಗೆ ಮುಂದಿನದಕ್ಕೆ ಹೋಗಬೇಡಿ. ಮಧ್ಯೆ ಒಂದನ್ನು ಬಿಟ್ಟರೆ ಕೊನೆಗೆ ಹೊಳಪಿನ ಒಳಗಿಂದ ಆ ಗೀರು ಎದ್ದು ಕಾಣುತ್ತದೆ. ಈ ಹಂತದಲ್ಲೇ ಕೆಲವೊಮ್ಮೆ ನೇರಳೆ ಬೂದು ಬಣ್ಣದ ಮೋಡದಂಥ ಕಲೆ ಕಾಣಿಸುತ್ತದೆ. ಆಗ ಹೇಳಿದ ಬೆಂಕಿಕಲೆ ಅದು. ಜಾಸ್ತಿ ಹೊತ್ತು ಕಾಯಿಸಿದಾಗ ಗಾಳಿಯ ಆಮ್ಲಜನಕ ಬೆಳ್ಳಿಯ ಮೈಯೊಳಗೆ ಇಳಿದು ಅಲ್ಲಿನ ತಾಮ್ರವನ್ನು ಹಿಡಿಯುತ್ತದೆ. ಪಿಕಲ್ ಅದನ್ನು ತೆಗೆಯುವುದಿಲ್ಲ, ಉಜ್ಜಿಯೇ ತೆಗೆಯಬೇಕು. ಬರದಂತೆ ನೋಡಿಕೊಳ್ಳಲು ಬಿಳಿಗಾರವನ್ನು ಸೇರುಗೆರೆಗೆ ಮಾತ್ರವಲ್ಲ, ಇಡೀ ಒಡವೆಗೆ ಹಚ್ಚಿ, ಬೇಗ ಬೆಸುಗೆ ಮುಗಿಸಿ.

ಸಲಕರಣೆ ವಿಷಯದಲ್ಲಿ ಕೈ ಬಿಗಿ ಹಿಡಿಯಿರಿ. ಒಳ್ಳೆಯ ಗರಗಸದ ಚೌಕಟ್ಟು, ಮೇಜಿಗೆ ಬಿಗಿಯುವ ಮರದ ಹಲಗೆ, ಒಂದು ಅರೆದುಂಡಗಿನ ಅರ, ನಾಲ್ಕಾರು ಸೂಜಿ ಅರ, ಹಲ್ಲಿಲ್ಲದ ಎರಡು ಇಕ್ಕಳ, ಕೊಡತಿ, ಉಂಗುರದ ಕಡ್ಡಿ, ಚಿಮ್ಮಟ, ಬೆಸುಗೆ ಹಾಕಲು ಇದ್ದಿಲಿನ ದಿಮ್ಮಿ. ಇದ್ದಿಲು ಶಾಖವನ್ನು ಹಿಂದಕ್ಕೆ ಕೊಡುತ್ತದೆ, ಚಿಕ್ಕ ಟಾರ್ಚಿಗೆ ಅದು ದೊಡ್ಡ ಸಹಾಯ. ನಿಮ್ಮ ಟಾರ್ಚ್ ಉಂಗುರ, ಓಲೆಗಳಿಗೆ ಸಾಕು, ಬಳೆಗೆ ಸಾಲದು. ಒಂದು ವರ್ನಿಯರ್ ಕ್ಯಾಲಿಪರ್ ಮಾತ್ರ ತಪ್ಪದೆ ತನ್ನಿ, ಕಣ್ಣಳತೆ ಆಮೇಲೆ ಬರುತ್ತದೆ. ಪಾಲಿಶ್ ಮೋಟಾರು, ರೋಲಿಂಗ್ ಮಿಲ್ಲು, ಎರಕದ ಸಾಮಾನು ಈಗ ಬೇಡವೇ ಬೇಡ. ಪಾಲಿಶ್ ಮೋಟಾರು ಹೊಸಬರ ಕೈಯಲ್ಲಿ ಒಡವೆಯ ಅಂಚುಗಳನ್ನು ತಿಂದುಹಾಕುತ್ತದೆ. ಸರವನ್ನು ಸೆಳೆದುಕೊಂಡು ಬೆರಳಿಗೂ ಗಾಯ ಮಾಡಬಲ್ಲದು.

ಬೆಂಕಿಯ ಮುಂದೆ ಕೂರುವಾಗ ಕಣ್ಣಿಗೆ ಕನ್ನಡಕ, ಕೂದಲು ಕಟ್ಟಿರಬೇಕು, ಹತ್ತಿ ಬಟ್ಟೆ, ತೆರೆದ ಕಿಟಕಿ, ಪಕ್ಕದಲ್ಲಿ ನೀರು. ಬಿಸಿ ಬೆಳ್ಳಿಯೂ ತಣ್ಣನೆಯ ಬೆಳ್ಳಿಯೂ ನೋಡಲು ಒಂದೇ ಥರ. ಆದ್ದರಿಂದ ಎಲ್ಲವನ್ನೂ ಚಿಮ್ಮಟದಿಂದಲೇ ಎತ್ತುವ ಅಭ್ಯಾಸ ಮಾಡಿ.

ತರಗತಿ ಬೇಕಾ? ಕೊಯ್ಯುವುದು, ಉಜ್ಜುವುದು ಒಬ್ಬರೇ ಕಲಿಯಬಹುದು. ಬೆಸುಗೆಗೆ ಮಾತ್ರ ಕೆಲವು ದಿನವಾದರೂ ಗೊತ್ತಿರುವವರ ಪಕ್ಕ ಕೂರಬೇಕು. ಕ್ಯಾಮೆರಾ ಬೆಂಕಿಯ ಬಣ್ಣವನ್ನು ಸರಿಯಾಗಿ ಹಿಡಿಯುವುದಿಲ್ಲ. ವಿಡಿಯೋದಲ್ಲಿ ಕಂಡ ಕೆಂಪು ನಿಮ್ಮ ಮೇಜಿನ ಕೆಂಪಲ್ಲ. "ಈಗ ತೆಗಿ" ಎಂದು ಯಾರಾದರೂ ಹೇಳಿದಾಗ ಕಣ್ಣು ಅದನ್ನು ನೆನಪಿಟ್ಟುಕೊಳ್ಳುತ್ತದೆ. ಒಬ್ಬೊಬ್ಬರಿಗೂ ಒಂದೊಂದು ಟಾರ್ಚ್ ಕೊಡುವ, ಕೆಲವೇ ಜನರಿರುವ ತರಗತಿ ಹುಡುಕಿ. ಬೆಸುಗೆಯನ್ನು ಗುರುಗಳೇ ಹಾಕಿಕೊಟ್ಟು ಚೆಂದದ ಉಂಗುರ ಕೈಗಿಡುವ ಕಡೆ ನೀವು ಕಲಿಯುವುದು ಕಡಿಮೆ.

ಕೊನೆಗೆ ಹರಳು. ತಿಂಗಳ ಲೆಕ್ಕ ಹೇಳಲಾರೆ. ಸಾದಾ ಉಂಗುರದ ಬೆಸುಗೆ ಮಾಯವಾದ ಮೇಲೆ ಶುರು ಮಾಡಿ. ಮೊದಲ ಹರಳು ಮೇಲೆ ಗುಮ್ಮಟದಂತೆ ಉಬ್ಬಿ ತಳ ಸಪಾಟಾಗಿರುವ ಕ್ಯಾಬೊಶಾನ್ ಇರಲಿ. ಹರಳನ್ನು ಹಿಡಿದಿಡುವ ಸುತ್ತಲಿನ ಗೋಡೆಗೆ ಅಪ್ಪಟ ಬೆಳ್ಳಿಯ 0.3 ಮಿ.ಮೀ. ಪಟ್ಟಿ ತೆಗೆದುಕೊಳ್ಳಿ. ಮೆದುವಾಗಿರುವುದರಿಂದ ಹರಳಿನ ಮೇಲೆ ಸುಲಭವಾಗಿ ಬಾಗುತ್ತದೆ. ಗೋಡೆಯ ಸೇರುಗೆರೆಗೆ ಹಾರ್ಡ್, ಗೋಡೆಯನ್ನು ಕೆಳಗಿನ ಬೆಳ್ಳಿ ತಗಡಿನ ತಳಕ್ಕೆ ಕೂಡಿಸಲು ಮೀಡಿಯಂ, ಅದನ್ನು ಉಂಗುರಕ್ಕೆ ಕೂಡಿಸಲು ಈಸಿ. ಮೂರು ಬಗೆಯ ಬೆಸುಗೆ ಇರುವುದು ಇದಕ್ಕೇ, ಹಿಂದಿನದು ಕರಗದೆ ಮುಂದಿನದು ಹರಿಯಲಿ ಎಂದು. ತಳ ದಪ್ಪ, ಗೋಡೆ ತೆಳು. ಹಾಗಾಗಿ ಬೆಂಕಿ ತಳಕ್ಕೆ ಕೊಡಿ, ಗೋಡೆ ತಾನೇ ಬಿಸಿಯಾಗುತ್ತದೆ.

ಪಿಕಲ್, ಎಮರಿ, ಮೆರುಗು ಎಲ್ಲಾ ಮುಗಿದ ಮೇಲೆ ಹರಳು ಕೂರಿಸಿ. ಮುತ್ತು, ಓಪಲ್, ಟರ್ಕ್ವಾಯ್ಸ್ ಬೆಂಕಿಯನ್ನೂ ತಡೆಯುವುದಿಲ್ಲ, ಆಸಿಡ್ಡನ್ನೂ ತಡೆಯುವುದಿಲ್ಲ. ಗೋಡೆಯನ್ನು ಒಂದೇ ಕಡೆಯಿಂದ ಸುತ್ತುತ್ತಾ ಒತ್ತಬೇಡಿ. ಒಂದು ಬದಿ ಒತ್ತಿ, ಅದರ ಎದುರು ಬದಿ ಒತ್ತಿ, ಆಮೇಲೆ ಉಳಿದೆರಡು ಬದಿ, ಹೀಗೆ ಎದುರುಬದುರಾಗಿ ಹೋಗಿ. ಇಲ್ಲದಿದ್ದರೆ ಹೆಚ್ಚುವರಿ ಬೆಳ್ಳಿ ಕೊನೆಯಲ್ಲಿ ಒಂದು ಕಡೆ ಮಡಿಕೆ ಬೀಳುತ್ತದೆ. ಮತ್ತೆ, ಅಳತೆ ನೋಡಲು ಹರಳನ್ನು ಸುಮ್ನೆ ಒಳಗೆ ಒತ್ತಿಬಿಡಬೇಡಿ, ಸಿಕ್ಕಿಕೊಂಡರೆ ತೆಗೆಯುವುದು ಕಷ್ಟ. ಗೋಡೆಯ ಒಳಗೆ ಅಡ್ಡಲಾಗಿ ಒಂದು ಗಟ್ಟಿ ದಾರ ಹಾಸಿ, ಅದರ ಮೇಲೆ ಹರಳಿಡಿ. ಎರಡು ತುದಿ ಹಿಡಿದು ಎಳೆದರೆ ಹರಳು ಮೇಲೆ ಬರುತ್ತದೆ.